ಫೈಲ್ ಕಣ್ಣೆದುರೇ ಇದೆ, ಲೋಡರ್ ಮಾತ್ರ ಇಲ್ಲ ಅನ್ನುತ್ತದೆ

ನಮ್ಮ ಪ್ರೋಗ್ರಾಂನ ಹೊಸ ವರ್ಷನ್ ಲಿನಕ್ಸ್ ಸರ್ವರ್‌ಗೆ ಹಾಕಿದ ರಾತ್ರಿ ಅದು. ಟೆಸ್ಟ್ ಮಷಿನ್‌ನಲ್ಲಿ ಮೂರು ದಿನ ಒಂದು ತೊಂದರೆಯೂ ಇಲ್ಲದೆ ಓಡಿದ ಪ್ರೋಗ್ರಾಂ ಇಲ್ಲಿ ಏಳಲೇ ಇಲ್ಲ. ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಐದು ಸಲ ಎಬ್ಬಿಸಿ ನೋಡಿ ಕೈಬಿಟ್ಟಿತ್ತು. ಸ್ಟೇಟಸ್ 127. ಲಾಗ್‌ನಲ್ಲಿ ಲಿನಕ್ಸ್‌ನಲ್ಲಿ ಕೆಲಸ ಮಾಡುವ ಎಲ್ಲರೂ ನೋಡಿರುವ ಅದೇ ಸಾಲು: 'ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್', ಅದರ ಮುಂದೆ ನಮ್ಮದೇ ಒಂದು ಲೈಬ್ರರಿಯ ಹೆಸರು, ಕೊನೆಗೆ 'ನೋ ಸಚ್ ಫೈಲ್ ಆರ್ ಡೈರೆಕ್ಟರಿ'. ಶೇರ್ಡ್ ಲೈಬ್ರರಿ ಅಂದರೆ ಪ್ರೋಗ್ರಾಂ ಏಳುವಾಗ ಹೊರಗಿನಿಂದ ಎತ್ತಿಕೊಳ್ಳುವ ಕೋಡ್ ಫೈಲ್; ಅದನ್ನು ಹುಡುಕಿ ತರುವುದು ಲೋಡರ್ ಕೆಲಸ. ಆ ಲೈಬ್ರರಿಯನ್ನು ಇಲ್ಲಿ ಲಿಬ್‌ಫೀಡ್.ಎಸ್‌ಓ.2 ಅಂತ ಕರೆಯುತ್ತೇನೆ.

ಫೈಲ್ ಇತ್ತು. ಫೈಲ್‌ಗಳ ಪಟ್ಟಿ ಕೊಡುವ ಎಲ್‌ಎಸ್ ಹೊಡೆದರೆ ಕಾಣುತ್ತಿತ್ತು. ಓದುವ ಪರ್ಮಿಷನ್ ಸರಿಯಿತ್ತು. ನಮ್ಮ ಪ್ರೋಗ್ರಾಂ ಮತ್ತು ಅದರ ಲೈಬ್ರರಿಗಳು /ಆಪ್ಟ್ ಕೆಳಗಿನ ಒಂದು ಫೋಲ್ಡರ್‌ನಲ್ಲಿದ್ದವು. ಅದರ ದಾರಿಯನ್ನು ಸರ್ವಿಸ್ ಫೈಲ್‌ನಲ್ಲಿ, ಎಲ್ಲಿ ಹುಡುಕಬೇಕು ಅಂತ ಲೋಡರ್‌ಗೆ ಹೇಳುವ ಎಲ್‌ಡಿ_ಲೈಬ್ರರಿ_ಪಾತ್ ಅನ್ನುವ ವೇರಿಯಬಲ್‌ನಲ್ಲಿ ಕೊಟ್ಟಿದ್ದೆವು. ಅದೇ ವೇರಿಯಬಲ್ ಕೊಟ್ಟು, ಪ್ರೋಗ್ರಾಂಗೆ ಬೇಕಾದ ಲೈಬ್ರರಿಗಳು ಎಲ್ಲಿ ಸಿಗುತ್ತವೆ ಅಂತ ತೋರಿಸುವ ಎಲ್‌ಡಿಡಿ ಓಡಿಸಿದೆ. ಎಲ್ಲ ಲೈಬ್ರರಿಗಳ ಎದುರೂ ಸರಿಯಾದ ದಾರಿ ಬಂತು, ಲಿಬ್‌ಫೀಡ್‌ನದ್ದೂ ಸೇರಿ. ಪ್ರೋಗ್ರಾಂ ಓಡಿಸಿದರೆ ಮತ್ತೆ ಅದೇ ಎರರ್.

ಆಮೇಲೆ ನನ್ನ ನಂಬಿಕೆಯ ಅಸ್ತ್ರ ತೆಗೆದೆ: ಎಲ್‌ಡಿ_ಡಿಬಗ್=ಲಿಬ್ಸ್. ಇದನ್ನು ಮುಂದೆ ಇಟ್ಟು ಯಾವ ಪ್ರೋಗ್ರಾಂ ಓಡಿಸಿದರೂ, ಲೋಡರ್ ಯಾವ ಯಾವ ಫೋಲ್ಡರ್‌ಗೆ ಹೋಗಿ ಏನನ್ನು ಹುಡುಕಿತು ಅಂತ ಸಾಲು ಸಾಲಾಗಿ ಹೇಳುತ್ತದೆ. ಅವತ್ತು ಒಂದಕ್ಷರವೂ ಬರಲಿಲ್ಲ. ಸ್ಪೆಲ್ಲಿಂಗ್ ತಪ್ಪಿರಬೇಕು ಅಂದುಕೊಂಡು ಮೂರು ಸಲ ಟೈಪ್ ಮಾಡಿದೆ. ಆ ಮೌನವೇ ಉತ್ತರ ಅಂತ ಆಗ ಹೊಳೆಯಲಿಲ್ಲ. ಒಂದೂವರೆ ಗಂಟೆ ಹೋಯಿತು.

ದಾರಿ ತೋರಿಸಿದ್ದು ತಂಡಕ್ಕೆ ಹೊಸದಾಗಿ ಬಂದಿದ್ದ ಹುಡುಗಿ. "ಒಂದ್ಸಲ ಬೈನರಿನ ಟೆಂಪ್ ಫೋಲ್ಡರ್‌ಗೆ ಕಾಪಿ ಮಾಡಿ ಓಡಿಸಿ ನೋಡೋಣ್ವಾ ಸರ್?" ಅಂದಳು. ಬೈನರಿ, ಅಂದರೆ ಓಡುವ ಪ್ರೋಗ್ರಾಂ ಫೈಲ್, ಕಾಪಿ ಮಾಡಿದರೆ ಏನಾಗುತ್ತೆ ಅಂತ ಅನಿಸಿದರೂ ಮಾಡಿದೆವು. ಓಡಿತು! ಲೈಬ್ರರಿ ಸಿಕ್ಕಿತು. ಸ್ವಲ್ಪ ಮುಂದೆ ಹೋಗಿ ಬೇರೆ ಕಾರಣಕ್ಕೆ ನಿಂತಿತು: 443ನೇ ಪೋರ್ಟ್ ಹಿಡಿಯಲು ಪರ್ಮಿಷನ್ ಇಲ್ಲ.

ಆಗ ಗೊತ್ತಾಯಿತು. ನಮ್ಮ ಸರ್ವಿಸ್ ಎಲ್ಲ ಅಧಿಕಾರ ಇರುವ ರೂಟ್ ಯೂಸರ್ ಆಗಿ ಓಡುವುದಿಲ್ಲ. ಸಾಮಾನ್ಯ ಯೂಸರ್ 1024ಕ್ಕಿಂತ ಕೆಳಗಿನ ಪೋರ್ಟ್ ಹಿಡಿಯುವಂತಿಲ್ಲ. ಅದಕ್ಕೆ ಡಿಪ್ಲಾಯ್ ಸ್ಕ್ರಿಪ್ಟ್ ಬೈನರಿ ಮೇಲೆ ಸೆಟ್‌ಕ್ಯಾಪ್ ಓಡಿಸಿ, ಆ ಒಂದು ಅಧಿಕಾರವನ್ನು ಮಾತ್ರ ಕೊಡುತ್ತಿತ್ತು. ಟೆಸ್ಟ್ ಮಷಿನ್‌ನಲ್ಲಿ ಪೋರ್ಟ್ 8443, ಹಾಗಾಗಿ ಸೆಟ್‌ಕ್ಯಾಪ್ ಬೇಕಿರಲಿಲ್ಲ. ಕಾಪಿ ಮಾಡಿದಾಗ ಆ ಅಧಿಕಾರ ಉದುರಿಹೋಯಿತು, ಲೈಬ್ರರಿ ಸಿಕ್ಕಿತು.

ಹೀಗೆ ಅಧಿಕಾರ ಪಡೆದ ಬೈನರಿ, ಫೈಲ್ ಮಾಲೀಕನ ಅಧಿಕಾರದಲ್ಲಿ ಓಡುವ ಸೆಟ್‌ಯುಐಡಿ ಬೈನರಿ, ಇವನ್ನು ಸಾಮಾನ್ಯ ಯೂಸರ್ ಶುರು ಮಾಡಿದಾಗ ಲೋಡರ್ ಸುರಕ್ಷಿತ ಮೋಡ್‌ಗೆ ಹೋಗುತ್ತದೆ. ಎಲ್‌ಡಿ_ಲೈಬ್ರರಿ_ಪಾತ್ ಅನ್ನು ಪೂರ್ತಿ ಕಡೆಗಣಿಸುತ್ತದೆ. ಎಲ್‌ಡಿ_ಡಿಬಗ್ ಕೂಡ ಅಷ್ಟೇ. ಇದು ಸರಿಯಾದ ನಡೆಯೇ. ಇಲ್ಲದಿದ್ದರೆ ಯಾರು ಬೇಕಾದರೂ ತಮ್ಮ ಲೈಬ್ರರಿಯನ್ನು ನುಗ್ಗಿಸಿ, ಆ ಬೈನರಿಯ ಅಧಿಕಾರದಲ್ಲಿ ತಮ್ಮ ಕೋಡ್ ಓಡಿಸಬಹುದಲ್ವಾ? ಎಲ್‌ಡಿಡಿ ನನ್ನ ದಾರಿ ತಪ್ಪಿಸಿದ್ದಕ್ಕೂ ಇದೇ ಕಾರಣ. ಇಂಥ ಬೈನರಿಯನ್ನು ಅದು ನೇರವಾಗಿ ಓಡಿಸದೆ ಲೋಡರ್ ಮೂಲಕ ತೆರೆಯುತ್ತದೆ. ಹಾಗೆ ತೆರೆದಾಗ ಫೈಲ್‌ಗೆ ಕೊಟ್ಟ ಅಧಿಕಾರ ಲೆಕ್ಕಕ್ಕೆ ಬರುವುದಿಲ್ಲ, ವೇರಿಯಬಲ್ ಕೆಲಸ ಮಾಡುತ್ತದೆ.

ಅವತ್ತು ರಾತ್ರಿ ಮಾಡಿದ್ದು ಚಿಕ್ಕ ಕೆಲಸ. /ಇಟಿಸಿ/ಎಲ್‌ಡಿ.ಎಸ್‌ಓ.ಕಾನ್ಫ್.ಡಿ ಒಳಗೆ ಒಂದು ಫೈಲ್ ಮಾಡಿ ನಮ್ಮ ಫೋಲ್ಡರ್‌ನ ದಾರಿ ಬರೆದೆವು. ಲೈಬ್ರರಿ ದಾರಿಗಳ ಕ್ಯಾಶ್ ಕಟ್ಟುವ ಎಲ್‌ಡಿಕಾನ್ಫಿಗ್ ಅನ್ನು ರೂಟ್ ಆಗಿ ಓಡಿಸಿದೆವು. ಸರ್ವಿಸ್ ಎದ್ದಿತು. ಆದರೆ ಅದನ್ನು ಹಾಗೇ ಬಿಡಲು ನನಗೆ ಮನಸ್ಸಾಗಲಿಲ್ಲ. ಆ ಫೈಲ್‌ನಲ್ಲಿ ಬರೆದ ದಾರಿ ಇಡೀ ಮಷಿನ್‌ಗೆ ಅನ್ವಯಿಸುತ್ತದೆ. ನಮ್ಮ ಫೋಲ್ಡರ್‌ನಲ್ಲಿ ನಾವೇ ಬಿಲ್ಡ್ ಮಾಡಿದ ಬೇರೆ ಲೈಬ್ರರಿಗಳೂ ಇದ್ದವು. ನಾಳೆ ಸಂಬಂಧವೇ ಇಲ್ಲದ ಇನ್ನೊಂದು ಪ್ರೋಗ್ರಾಂ ಅವನ್ನು ಎತ್ತಿಕೊಂಡು ಕೆಟ್ಟರೆ, ಕಾರಣ ಹುಡುಕುವವರ ಕಷ್ಟ ಕೇಳಲೇಬೇಡಿ. ಮುಂದಿನ ವಾರ ಸೆಟ್‌ಕ್ಯಾಪ್ ತೆಗೆದು, ಸಿಸ್ಟಮ್‌ಡಿಯ ಆಂಬಿಯೆಂಟ್‌ಕೇಪಬಿಲಿಟೀಸ್ ಸಾಲಿನಿಂದ ಪೋರ್ಟ್ ಅಧಿಕಾರ ಕೊಟ್ಟೆವು. ಹಾಗೆ ಬಂದ ಅಧಿಕಾರಕ್ಕೆ ಲೋಡರ್ ಸುರಕ್ಷಿತ ಮೋಡ್‌ಗೆ ಹೋಗುವುದಿಲ್ಲ. ಜೊತೆಗೆ ಬಿಲ್ಡ್ ಮಾಡುವಾಗಲೇ ಲೈಬ್ರರಿ ಇರುವ ಫೋಲ್ಡರ್‌ನ ಪೂರ್ತಿ ದಾರಿಯನ್ನು ಬೈನರಿಯೊಳಗೆ ರನ್‌ಪಾತ್ ಆಗಿ ಬರೆಸಿದೆವು. ಎಲ್‌ಡಿ_ಲೈಬ್ರರಿ_ಪಾತ್ ಸಾಲನ್ನು ಅಳಿಸಿದೆವು. ಟೆಸ್ಟ್ ಮಷಿನ್ ಕೂಡ ಈಗ 443ರಲ್ಲೇ ಓಡುತ್ತದೆ.

ಲೋಡರ್ ಹುಡುಕುವ ಕ್ರಮ ಬಾಯಿಗೆ ಬರುವಂತಿದ್ದರೆ ಅರ್ಧ ಕೆಲಸ ಮುಗಿದಂತೆ. ಮೊದಲು ಬೈನರಿಯೊಳಗಿನ ಹಳೆಯ ಶೈಲಿಯ ಆರ್‌ಪಾತ್, ಅದೂ ರನ್‌ಪಾತ್ ಇಲ್ಲದಿದ್ದರೆ ಮಾತ್ರ. ಆಮೇಲೆ ಎಲ್‌ಡಿ_ಲೈಬ್ರರಿ_ಪಾತ್. ಆಮೇಲೆ ರನ್‌ಪಾತ್. ನಂತರ ಎಲ್‌ಡಿಕಾನ್ಫಿಗ್ ಕಟ್ಟಿದ ಕ್ಯಾಶ್. ಕೊನೆಗೆ ಸಿಸ್ಟಮ್‌ನ ಲಿಬ್ ಫೋಲ್ಡರ್‌ಗಳು. ರನ್‌ಪಾತ್‌ನಲ್ಲಿ ಒಂದು ಸೂಕ್ಷ್ಮ ಇದೆ: ಅದು ಆ ಫೈಲ್ ನೇರವಾಗಿ ಕೇಳುವ ಲೈಬ್ರರಿಗಳಿಗೆ ಮಾತ್ರ. ಆ ಲೈಬ್ರರಿ ಇನ್ನೊಂದನ್ನು ಕೇಳಿದರೆ, ಕೇಳುವ ಲೈಬ್ರರಿಗೆ ತನ್ನದೇ ರನ್‌ಪಾತ್ ಬೇಕು. ನಮ್ಮ ಲಿಬ್‌ಫೀಡ್‌ಗೂ ಬೇರೆಯಾಗಿ ಬರೆಸಬೇಕಾಯಿತು.

ಈ ಅನುಭವ ಆದಮೇಲೆ ನಾನು ಎಲ್‌ಡಿಡಿಯಿಂದ ಶುರು ಮಾಡುವುದನ್ನು ಬಿಟ್ಟೆ. ರೀಡ್‌ಎಲ್ಫ್ ಮೈನಸ್ ಡಿ ಹೊಡೆದರೆ ಬೈನರಿ ಯಾವ ಹೆಸರು ಕೇಳುತ್ತದೆ, ಒಳಗೆ ಯಾವ ದಾರಿ ಬರೆದಿದೆ ಅಂತ ನೀಡೆಡ್ ಮತ್ತು ರನ್‌ಪಾತ್ ಸಾಲುಗಳಲ್ಲಿ ಸಿಗುತ್ತದೆ. ಅದು ಫೈಲ್ ಓದುತ್ತದೆ ಅಷ್ಟೇ, ಏನನ್ನೂ ಓಡಿಸುವುದಿಲ್ಲ. ಎಲ್‌ಡಿಡಿ ಕೆಲವು ಸಲ ಪ್ರೋಗ್ರಾಂನ ಕೋಡ್ ಓಡಿಸಿಬಿಡಬಹುದು. ಗುರುತಿಲ್ಲದ ಕಡೆಯಿಂದ ಬಂದ ಬೈನರಿ ಮೇಲೆ ದಯವಿಟ್ಟು ಅದನ್ನು ಬಳಸಬೇಡಿ.

ಇನ್ನೊಂದು ವಿಷಯ ಹೇಳಲೇಬೇಕು, ಏಕೆಂದರೆ ಜಾಸ್ತಿ ಜನ ಮಾಡುವುದು ಇದನ್ನೇ. ಉಬುಂಟು 22.04ಕ್ಕೆ ಹೋದಾಗ ನಮ್ಮ ಹಳೆಯ ಟೂಲ್ ಒಂದು ಲಿಬ್‌ಎಸ್‌ಎಸ್‌ಎಲ್.ಎಸ್‌ಓ.1.1 ಸಿಗುತ್ತಿಲ್ಲ ಅಂದಿತು. ಅದು ಎನ್‌ಕ್ರಿಪ್ಷನ್‌ಗೆ ಬಳಸುವ ಓಪನ್‌ಎಸ್‌ಎಸ್‌ಎಲ್‌ನ ಲೈಬ್ರರಿ. ಅಲ್ಲಿರುವುದು ಓಪನ್‌ಎಸ್‌ಎಸ್‌ಎಲ್ 3.0, ಲೈಬ್ರರಿ ಹೆಸರಿನ ಕೊನೆಗೆ 3. ಒಬ್ಬರು ಆ ಫೈಲ್‌ಗೆ 1.1 ಅನ್ನುವ ಹೆಸರಿನ ಸಿಮ್‌ಲಿಂಕ್, ಅಂದರೆ ಅದೇ ಫೈಲ್ ಕಡೆ ತೋರಿಸುವ ಇನ್ನೊಂದು ಹೆಸರು, ಮಾಡಿದರು. ಎರರ್ ಬದಲಾಯಿತು, ಹೋಗಲಿಲ್ಲ: 'ವರ್ಷನ್ ಓಪನ್‌ಎಸ್‌ಎಸ್‌ಎಲ್_1_1_0 ನಾಟ್ ಫೌಂಡ್'. ಹೆಸರಿನ ಕೊನೆಯ ಅಂಕಿ ಸುಮ್ನೆ ಇಟ್ಟಿದ್ದಲ್ಲ. ಅದು ಬದಲಾಯಿತು ಅಂದರೆ ಲೈಬ್ರರಿ ಮಾಡಿದವರೇ 'ಹಳೆಯದರ ಜಾಗಕ್ಕೆ ಇದು ಬರುವುದಿಲ್ಲ' ಅಂತ ಹೇಳಿದ್ದಾರೆ. ಇಲ್ಲಿ ವರ್ಷನ್ ಗುರುತು ಇದ್ದಿದ್ದಕ್ಕೆ ಶುರುವಿನಲ್ಲೇ ನಿಂತಿತು. ಆ ಗುರುತು ಇಲ್ಲದ ಲೈಬ್ರರಿಯಾಗಿದ್ದರೆ ಪ್ರೋಗ್ರಾಂ ಎದ್ದು, ಯಾವಾಗಲೋ ನಡುವೆ ಡೇಟಾ ಕೆಡಿಸಬಹುದಿತ್ತು. 1.1.1ಕ್ಕೆ ಸಾರ್ವಜನಿಕ ಬೆಂಬಲ 2023ರ ಸೆಪ್ಟೆಂಬರ್ 11ಕ್ಕೇ ಮುಗಿದಿದೆ. ಹಾಗಾಗಿ ಹಳೆಯ ಪ್ಯಾಕೇಜ್ ಹುಡುಕಿ ತರುವುದು ನನಗೆ ಒಪ್ಪಿಗೆಯಾಗಲಿಲ್ಲ. ಟೂಲ್ ಅನ್ನೇ 3.0 ಜೊತೆ ಮತ್ತೆ ಬಿಲ್ಡ್ ಮಾಡಿದೆವು, ಎರಡು ದಿನ ಹಿಡಿಯಿತು.

ಇದೇ ಸಾಲಿಗೆ ಜಿಲಿಬ್‌ಸಿ, ಅಂದರೆ ಬಹುತೇಕ ಪ್ರೋಗ್ರಾಂಗಳಿಗೆ ಬೇಕಾದ ಮೂಲ ಸಿ ಲೈಬ್ರರಿಯ ತೊಂದರೆಯೂ ಸೇರುತ್ತದೆ. 22.04ರಲ್ಲಿ ಬಿಲ್ಡ್ ಮಾಡಿದ್ದನ್ನು 20.04ರಲ್ಲಿ ಓಡಿಸಿದರೆ 'ಜಿಲಿಬ್‌ಸಿ_2.34 ನಾಟ್ ಫೌಂಡ್' ಬರುತ್ತದೆ. ಅಲ್ಲಿರುವುದು 2.31. ಆಗ ಹೊಸ ಲಿಬ್‌ಸಿಯನ್ನು ತಂದು ಹಳೆಯದರ ಮೇಲೆ ಹಾಕಬೇಡಿ. ಎಲ್‌ಎಸ್ ಕೂಡ ಓಡದ ಸ್ಥಿತಿಗೆ ಮಷಿನ್ ಬಂದುಬಿಡಬಹುದು. ಬಳಕೆಯಲ್ಲಿರುವ ಅತಿ ಹಳೆಯ ವರ್ಷನ್‌ನ ಕಂಟೇನರ್‌ನಲ್ಲಿ ಬಿಲ್ಡ್ ಮಾಡಿ.

ಈಗ ನಮ್ಮ ಡಿಪ್ಲಾಯ್ ಸ್ಕ್ರಿಪ್ಟ್‌ನ ಕೊನೆಗೆ ಒಂದು ಹೆಜ್ಜೆ ಸೇರಿಸಿದ್ದೇವೆ. ಸರ್ವಿಸ್ ಎದ್ದಮೇಲೆ ಅದರ ಪ್ರಾಸೆಸ್ ನಂಬರ್ ಹಿಡಿದು, /ಪ್ರಾಕ್ ಒಳಗಿನ ಮ್ಯಾಪ್ಸ್ ಫೈಲ್ ಓದುತ್ತದೆ. ನಿಜವಾಗಿ ಮೆಮೊರಿಗೆ ಬಂದಿರುವ ಲೈಬ್ರರಿಗಳು ಯಾವ ದಾರಿಯವು ಅಂತ ಅಲ್ಲಿ ಇರುತ್ತದೆ. ನಾವು ಬಯಸಿದ ಪಟ್ಟಿಗೆ ಹೊಂದದಿದ್ದರೆ ಡಿಪ್ಲಾಯ್ ನಿಲ್ಲುತ್ತದೆ. ಹೋದ ತಿಂಗಳು ಅದು ಒಂದನ್ನು ಹಿಡಿಯಿತು: ಲಿಬ್‌ಫೀಡ್‌ನ ದಾರಿಯ ಮುಂದೆ 'ಡಿಲೀಟೆಡ್' ಅಂತ ಇತ್ತು. ಲೈಬ್ರರಿ ಬದಲಾಗಿತ್ತು, ಆದರೆ ಸರ್ವಿಸ್ ರೀಸ್ಟಾರ್ಟ್ ಆಗಿರಲಿಲ್ಲ. ಅಳಿಸಿಹೋದ ಹಳೆಯ ಫೈಲನ್ನೇ ಹಿಡಿದುಕೊಂಡು ಓಡುತ್ತಿತ್ತು. ರೀಸ್ಟಾರ್ಟ್ ಮಾಡಿ ಮತ್ತೆ ಮ್ಯಾಪ್ಸ್ ತೆರೆದೆವು, ಹೊಸ ಫೈಲ್‌ನ ದಾರಿ ಬಂದಿತ್ತು.