ಬಾವಿನೋ ಸೋರೆಕಾಯಿನೋ

"ಇದ್ಯಾಕಪ್ಪಾ, ರೋಡಲ್ಲಿ ಸೋರೆಕಾಯಿ ಬರ್ದಿದ್ದೀಯ?"

ಭಾನುವಾರದಿಂದ ಈ ಮಾತು ತಲೆಯಿಂದ ಇಳೀತಾ ಇಲ್ಲ.

ನಾನು ಬರೆದದ್ದು ಬಾವಿ. ಕ್ಲಾಸಿಗೆ ಅಂತ, ಒಂದೇ ಜಾಗದಿಂದ ನೋಡಿದರೆ ನಿಜವಾದ ಬಾವಿಯ ಹಾಗೆ ಕಾಣೋ ಚಿತ್ರ. ಮೈಸೂರಿನ ಅಗ್ರಹಾರದಲ್ಲಿ, ನಮ್ಮ ರೂಮಿನ ಎದುರಿನ ಸಿಮೆಂಟ್ ಗಲ್ಲಿಯಲ್ಲಿ, ಬೆಳಗ್ಗೆ 6ರಿಂದ ಮಂಡಿ ಊರಿ ಬರೆದದ್ದು. ಟ್ರೈಪಾಡ್ ನಾಲ್ಕೂವರೆ ಅಡಿ ಎತ್ತರಕ್ಕೆ ನಿಲ್ಲಿಸಿ, ಅದರ ಮೇಲಿನ ಫೋನಿನಲ್ಲಿ ನೋಡುತ್ತಾ ಗೆಳೆಯ "ಇನ್ನೂ ಎಳಿ, ಇನ್ನೂ ಎಳಿ" ಅನ್ನುತ್ತಿದ್ದ. ಅವನು ಮಾಡಿದ ಕೆಲಸ ಅಷ್ಟೇ. ಆದರೂ ಸ್ಟೇಟಸ್ ಮೊದಲು ಹಾಕಿದ್ದು ಅವನೇ! ಫೋನಿನಲ್ಲಿ ದುಂಡಗೆ ಕಾಣಬೇಕು ಅಂದರೆ ನೆಲದ ಮೇಲೆ ಚಿತ್ರ ದೂರ ಹೋದಂತೆ ಉದ್ದಕ್ಕೂ ಅಗಲಕ್ಕೂ ಹಿಗ್ಗಬೇಕು. ನನ್ನ ಬಾವಿ 3 ಅಡಿ ಅಗಲ, 8 ಅಡಿ ಉದ್ದ. ಪಕ್ಕದಿಂದ ನೋಡಿದವರಿಗೆ ಸೋರೆಕಾಯಿಯೇ, ಸುಳ್ಳಲ್ಲ.

ಹಾಗೆ ಕೇಳಿದ ಅಜ್ಜಿ ಕೂತಿದ್ದು ಪಕ್ಕದಲ್ಲೇ, ಸೊಪ್ಪಿನ ಮಂಕರಿ ಮುಂದಿಟ್ಟುಕೊಂಡು.

"ಅದು ಬಾವಿ ಅಜ್ಜಿ. ಇಲ್ಲಿ ಗುರುತು ಹಾಕಿದ್ದೀನಲ್ಲ, ಇಲ್ಲಿ ಬಂದು ನಿಂತ್ಕೊಂಡು ನೋಡಿ."

"ನಾನ್ಯಾಕ್ ಬರ್ಲಿ? ನಾನು ದಿನಾ ಕೂರೋದು ಇಲ್ಲಿ."

ಕೋಪದಿಂದ ಹೇಳಿದ್ದಲ್ಲ. ದಂಟಿನ ಕಟ್ಟಿಗೆ ನೀರು ಚಿಮುಕಿಸುತ್ತಾ, ನನ್ನ ಕಡೆ ನೋಡದೇ ಹೇಳಿದ್ದು. ಅದೇ ಜಾಸ್ತಿ ನಾಟಿತು.

ರೋಮ್‌ನ ಸಂತ ಇಗ್ನಾಸಿಯೋ ಚರ್ಚಿನ ಕಥೆ ಕ್ಲಾಸಿನಲ್ಲಿ ಕೇಳಿದ್ದೆ. ಅಲ್ಲಿ ಗುಮ್ಮಟವನ್ನು ಕಟ್ಟಲೇ ಇಲ್ಲ. 1685ರಲ್ಲಿ ಆಂದ್ರೆಯಾ ಪೊಜ್ಜೊ ಬಟ್ಟೆಯ ಮೇಲೆ ಗುಮ್ಮಟ ಬರೆದು ಮೇಲೆ ಕೂರಿಸಿದ. ಎಲ್ಲಿ ನಿಂತರೆ ಅದು ಸರಿಯಾಗಿ ಕಾಣುತ್ತೆ ಅನ್ನೋದಕ್ಕೆ ನೆಲದಲ್ಲಿ ಒಂದು ಗುರುತು. ನನ್ನ ಸೀಮೆಸುಣ್ಣದ ಗುರುತು ಅದರದ್ದೇ ನಕಲು. ಆದರೆ ಚರ್ಚಿಗೆ ಜನ ತಲೆ ಎತ್ತಿ ನೋಡೋಕೇ ಹೋಗ್ತಾರೆ. ಅಜ್ಜಿ ಬಂದಿದ್ದು ಸೊಪ್ಪು ಮಾರೋಕೆ.

2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ನಮ್ಮ ಮೈಸೂರಿನವರೇ ಆದ ಕಲಾವಿದ ಬಾದಲ್ ನಂಜುಂಡಸ್ವಾಮಿ ಮೊಸಳೆಯ ಪ್ರತಿಕೃತಿ ಬಿಟ್ಟಿದ್ದರು, ನೆನಪಿದೆಯಲ್ಲ? ಅದು ಬಸ್ಸಿನಿಂದಲೂ ಮೊಸಳೆ, ಅಂಗಡಿ ಕಟ್ಟೆಯಿಂದಲೂ ಮೊಸಳೆ. ಎಲ್ಲಿ ನಿಲ್ಲಬೇಕು ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ. ಬೀದಿ ಕಲೆ ಅಂದರೆ ಇದು ಅಂತ ಎರಡು ದಿನ ವಾದ ಮಾಡಿಕೊಂಡು ಓಡಾಡಿದೆ. ಆಮೇಲೆ ಅವರದ್ದೇ 2019ರ ಚಂದ್ರನ ನಡಿಗೆಯ ವಿಡಿಯೋ ನೆನಪಾಯಿತು. ಗಗನಯಾತ್ರಿ ತೇಲಿದ ಹಾಗೆ ನಡೀತಾನೆ, ಪಕ್ಕದಲ್ಲಿ ಗಾಡಿ ಬಂದಾಗಲೇ ಅದು ಬೆಂಗಳೂರಿನ ರಸ್ತೆ ಅಂತ ಗೊತ್ತಾಗೋದು. ಅದು ಪೂರ್ತಿ ಕ್ಯಾಮೆರಾಗೇ ಮಾಡಿದ್ದು, ಚೆನ್ನಾಗೇ ಇತ್ತು. ನನ್ನ ವಾದ ಅಲ್ಲಿಗೆ ಮುಗೀತು.

ಆ ಭಾನುವಾರ ಕೊನೆಗೆ ಅಜ್ಜಿ ಎದ್ದು ಬಂದರು, ನನ್ನ ಮುಖ ನೋಡಲಾಗದೆ ಇರಬೇಕು. ಗುರುತಿನ ಮೇಲೆ ನಿಂತರು, ಒಮ್ಮೆ ರಸ್ತೆ ನೋಡಿದರು, ಒಮ್ಮೆ ಫೋನ್ ನೋಡಿದರು.

"ಹೂಂ. ಫೋನಲ್ಲಿ ಬಾವಿ ಅದೆ. ರೋಡಲ್ಲಿ ಇಲ್ಲ."

ಇದನ್ನೇ ಮೇಷ್ಟ್ರು ಒಂದು ಗಂಟೆ ಪಾಠ ಮಾಡಿದ್ದರು. ಕ್ಯಾಮೆರಾಗೆ ಒಂದೇ ಕಣ್ಣು, ಅದೂ ಅಲ್ಲಾಡಲ್ಲ. ನಮ್ಮ ಎರಡು ಕಣ್ಣಿಗೆ ಕಾಣೋದು ಒಂದಕ್ಕಿಂತ ಒಂದು ಚೂರು ಬೇರೆ. ಆ ವ್ಯತ್ಯಾಸದಿಂದಲೇ ಮಿದುಳು ಆಳ ಅಳೆಯುತ್ತೆ. ತಲೆ ಸ್ವಲ್ಪ ಆಡಿಸಿದರೂ ನಿಜವಾದ ಬಾವಿಯ ಅಂಚು ಒಳಗೋಡೆಯನ್ನು ಮುಚ್ಚಿ ತೆರೆಯುತ್ತೆ, ಬಣ್ಣದ ಬಾವಿಯಲ್ಲಿ ಏನೂ ಕದಲಲ್ಲ. ಅದಕ್ಕೇ ಒಂದು ಕಣ್ಣು ಮುಚ್ಚಿ ಅಲ್ಲಾಡದೆ ನಿಂತರೆ ಮೋಸ ಹೋಗೋದು ಸುಲಭ. ಅಜ್ಜಿ ಎರಡೂ ಕಣ್ಣು ಬಿಟ್ಟುಕೊಂಡು ನೋಡಿದರು, ಅಷ್ಟೇ.

ನಿನ್ನೆ ಅವರ ಪಕ್ಕ ಕುಕ್ಕರುಗಾಲಲ್ಲಿ ಕೂತು, ಅವರ ಕಣ್ಣಿನ ಎತ್ತರದಿಂದ ಒಂದು ಫೋಟೋ ತೆಗೆದೆ. ಬೈಕಿನ ಚಕ್ರಕ್ಕೆ ಅರ್ಧ ಬಣ್ಣ ಹೋಗಿದೆ. ಮಂಕರಿ ಅಂಚು, ಎರಡು ಕಟ್ಟು ದಂಟು, ಅದರಾಚೆ ಒಂದು ಮಾಸಿದ ಸೋರೆಕಾಯಿ. ಸುಮ್ನೆ ಕೂತಿದ್ದಕ್ಕೆ 20 ರೂಪಾಯಿ ಸೊಪ್ಪು ಕಟ್ಟಿಸಿದರು.

ಸೋಮವಾರ ಕ್ಲಾಸಿಗೆ ಒಂದೇ ಫೋಟೋ ಕೊಡಬೇಕು. ಯಾವುದು ಅಂತ ಇನ್ನೂ ತೀರ್ಮಾನ ಆಗಿಲ್ಲ. ಸೊಪ್ಪು ಮಾತ್ರ ಬಾಡ್ತಾ ಇದೆ.