ಹಳೇ ಹೀ-ಮ್ಯಾನ್ ತೋರಿಸಲಾ, ಹೊಸದು ತೋರಿಸಲಾ?

ನಾನು ಬೆಂಗಳೂರಿನಲ್ಲಿ ಕಾರ್ಟೂನಿಗೆ ಚಿತ್ರ ಬರೆಯುವ ಕೆಲಸ ಮಾಡುತ್ತೇನೆ. ಇದು ಗೊತ್ತಾದ ಕೂಡಲೇ ನನ್ನ ವಯಸ್ಸಿನವರು ಕೇಳುವುದು ಒಂದೇ ಪ್ರಶ್ನೆ. "ನಾವು ಚಿಕ್ಕವರಿದ್ದಾಗ ನೋಡ್ತಿದ್ದ ಫೈಟಿಂಗ್ ಕಾರ್ಟೂನ್‌ಗಳನ್ನೆಲ್ಲ ಈಗ ಮತ್ತೆ ಮಾಡಿದ್ದಾರಲ್ಲ, ಮಕ್ಕಳಿಗೆ ಯಾವುದು ತೋರಿಸೋದು? ಹಳೇದಾ, ಹೊಸದಾ?" ಹೋದ ತಿಂಗಳು ಒಂದು ಗೃಹಪ್ರವೇಶದಲ್ಲಿ ಊಟದ ಎಲೆ ಮುಂದೆ ಕೂತಾಗಲೂ ಇದೇ ಬಂತು. ಅಲ್ಲಿ ಸಾರು ಬರುವಷ್ಟರಲ್ಲಿ ಮುಗಿಸಬೇಕಾಗಿತ್ತು. ಇಲ್ಲಿ ನಿಧಾನವಾಗಿ ಹೇಳುತ್ತೇನೆ.

ಮೊದಲು ಹಳೇದು ತೋರಿಸಿ. ಪಕ್ಕದಲ್ಲೇ ಕೂತು ತೋರಿಸಿ. ಆಮೇಲೆ ಹೊಸದು.

ಹೀ-ಮ್ಯಾನ್ ತಗೊಳ್ಳಿ, ಮಾಯದ ಕತ್ತಿ ಹಿಡಿದ ಬಲಶಾಲಿಯ ಕಾರ್ಟೂನ್. ನಮಗೆ ದೂರದರ್ಶನದಲ್ಲಿ ಬರುತ್ತಿತ್ತು. ಅಮೆರಿಕದಲ್ಲಿ ಶುರುವಾಗಿದ್ದು 1983ರಲ್ಲಿ. ಮ್ಯಾಟೆಲ್ ಕಂಪನಿ ಅದಕ್ಕೂ ಒಂದು ವರ್ಷ ಮೊದಲೇ ಹೀ-ಮ್ಯಾನ್ ಗೊಂಬೆಗಳನ್ನು ಮಾರುಕಟ್ಟೆಗೆ ಬಿಟ್ಟಿತ್ತು. ಆ ಗೊಂಬೆಗಳನ್ನು ಟೀವಿಗೆ ತಂದಿದ್ದು ಫಿಲ್ಮೇಷನ್ ಸ್ಟುಡಿಯೋ. ಎರಡು ಸೀಸನ್, ಒಟ್ಟು 130 ಕಂತು. ಒಂದು ಕಂತು ಸುಮಾರು 22 ನಿಮಿಷ, ಸೆಕೆಂಡಿಗೆ 24 ಫ್ರೇಮ್. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ಹಿಡಿದು ನಿಲ್ಲಿಸಿದರೂ ಒಂದು ಕಂತಿಗೆ 15,000 ಚಿತ್ರ ದಾಟುತ್ತದೆ. ಎಲ್ಲ ಕೈಯಲ್ಲಿ ಬರೆಯುವ ಕಾಲ. ಅಷ್ಟು ಬರೆಯಲು ದುಡ್ಡೂ ಇಲ್ಲ, ಸಮಯವೂ ಇಲ್ಲ. ಹಾಗಾಗಿ ಬರೆದಿದ್ದನ್ನೇ ಮತ್ತೆ ಮತ್ತೆ ಬಳಸಿದರು. ಹೀ-ಮ್ಯಾನ್ ಓಡುವುದನ್ನು ಗಮನಿಸಿ. ಕಾಡಿನಲ್ಲಿ ಓಡಲಿ, ಕೋಟೆಯಲ್ಲಿ ಓಡಲಿ, ಕಾಲು ಬೀಳುವ ರೀತಿ ಒಂದೇ, ಭುಜ ತಿರುಗುವ ರೀತಿ ಒಂದೇ. ಹಿಂದಿನ ಪರದೆ ಮಾತ್ರ ಬೇರೆ. ನಿಜವಾದ ಮನುಷ್ಯರ ಚಲನೆಯನ್ನು ಶೂಟ್ ಮಾಡಿ, ಅದರ ಮೇಲೆ ಗೆರೆ ಎಳೆದು ತೆಗೆದ ಶಾಟ್‌ಗಳವು. ಅದಕ್ಕೇ ಉಳಿದ ಚಿತ್ರಗಳೆಲ್ಲ ಕಟ್ಟಿಗೆ ಥರ ನಿಂತಿದ್ದರೂ ಆ ಓಟದಲ್ಲಿ ಮಾತ್ರ ಮೈಗೆ ತೂಕ ಇದೆ. ನಾನು ಆ ಓಟವನ್ನು ಒಂದೊಂದೇ ಫ್ರೇಮ್ ನಿಲ್ಲಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಓಡುವುದನ್ನು ಹೇಗೆ ಬರೆಯಬೇಕು ಅಂತ ನಾನು ಕಲಿತಿದ್ದೇ ಹಾಗೆ.

ಬೇಸಿಗೆ ರಜೆಯಲ್ಲಿ ಅಕ್ಕನ ಮಗನಿಗೆ ಇದನ್ನೇ ಹಾಕಿ ತೋರಿಸಿದೆ. ಅವನಿಗೆ ಏಳು ವರ್ಷ. ಮೂರನೇ ಕಂತು ನಡೆಯುವಾಗ ಕೇಳಿದ: "ಮಾಮ, ಕತ್ತಿ ಇಟ್ಕೊಂಡು ಯಾಕೆ ಹೊಡೆಯಲ್ಲ ಇವನು?"

ಎಷ್ಟು ಸರಿಯಾಗಿ ಹಿಡಿದ ನೋಡಿ. ಹೀ-ಮ್ಯಾನ್ ಆ ಕತ್ತಿಯಿಂದ ಯಾರನ್ನೂ ಕಡಿಯುವುದಿಲ್ಲ. ಶತ್ರು ಬಿಟ್ಟ ಬೆಳಕಿನ ಬಾಣವನ್ನು ಅದರಿಂದ ತಡೆಯುತ್ತಾನೆ. ಬಂಡೆ ಎತ್ತುತ್ತಾನೆ, ಗೋಡೆ ಕೆಡವುತ್ತಾನೆ, ಕೇಡಿಗಳನ್ನು ಎತ್ತಿ ಕೆಸರಿಗೆ ಎಸೆಯುತ್ತಾನೆ. ಮಕ್ಕಳ ಟೀವಿಯಲ್ಲಿ ಆಗ ಹೊಡೆದಾಟಕ್ಕೆ ಅಷ್ಟು ಕಟ್ಟುನಿಟ್ಟಿತ್ತು. ಕಥೆ ಕಟ್ಟುವವರು ಆ ಬೇಲಿಯೊಳಗೇ ದಾರಿ ಹುಡುಕಿದರು. ಜಗತ್ತಿನಲ್ಲೇ ಬಲಶಾಲಿ, ಆದರೆ ಕೈ ಎತ್ತಲ್ಲ. ಚಿಕ್ಕವನಿದ್ದಾಗ ನನಗೆ ಅವನ ಮೇಲೆ ಅಷ್ಟು ನಂಬಿಕೆ ಬರಲು ಅದೇ ಕಾರಣ ಅಂತ ಈಗ ಅನ್ನಿಸುತ್ತದೆ.

ಮತ್ತೆ ಮಾಡಿದ ಕಾರ್ಟೂನ್ ನೋಡುವಾಗ ನಾನು ಮೊದಲು ಹುಡುಕುವುದು ಇದನ್ನೇ. ಹಳೇದಕ್ಕೆ ಬೇಲಿ ಇತ್ತು, ಈಗ ತೆಗೆದಿದ್ದಾರೆ. ಆ ಜಾಗದಲ್ಲಿ ಏನು ಮಾಡಿದರು? ಸುಮ್ನೆ ರಕ್ತ ಹರಿಸಿದರಾ, ಇಲ್ಲ ಬೇಲಿ ಯಾಕಿತ್ತು ಅಂತ ಯೋಚನೆ ಮಾಡಿದರಾ?

ಯೋಚನೆ ಮಾಡಿದವರಲ್ಲಿ ನನಗೆ ಎಲ್ಲರಿಗಿಂತ ಇಷ್ಟ ಗೆಂಡಿ ಟಾರ್ಟಕೊವ್ಸ್ಕಿ. ಅವರ 'ಸಮುರಾಯ್ ಜ್ಯಾಕ್' 2001ರಿಂದ 2004ರವರೆಗೆ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಬಂತು. 52 ಕಂತು. ಜ್ಯಾಕ್ ಕೈಯಲ್ಲಿ ನಿಜವಾದ ಕತ್ತಿ ಇದೆ, ಅದು ಕಡಿಯಲೇಬೇಕು. ಮನುಷ್ಯರನ್ನು ಕಡಿಯುವಂತಿಲ್ಲ. ಅದಕ್ಕೆ ಅವನೆದುರು ಬರುವವರು ಬಹುತೇಕ ರೋಬಾಟ್‌ಗಳು. ಸೀಳಿದರೆ ರಕ್ತದ ಬದಲು ಕಪ್ಪು ಎಣ್ಣೆ ಚಿಮ್ಮುತ್ತದೆ. ನಾವೂ ಚಪ್ಪಾಳೆ ಹೊಡೆದು ನೋಡಿದೆವು, ಯಂತ್ರ ತಾನೇ ಅಂತ.

ಕಥೆ ಅರ್ಧಕ್ಕೆ ನಿಂತಿತು. 2017ರಲ್ಲಿ ಅವರೇ ಹತ್ತು ಕಂತು ಮಾಡಿ ಮುಗಿಸಿದರು, ಈ ಸಲ ದೊಡ್ಡವರಿಗೆ. ಕಥೆಯೊಳಗೆ 50 ವರ್ಷ ಕಳೆದಿದೆ. ಜ್ಯಾಕ್‌ಗೆ ಗಡ್ಡ ಬಂದಿದೆ, ಕತ್ತಿ ಕಳೆದುಹೋಗಿದೆ. ಮುಖವಾಡ ಹಾಕಿದ ಏಳು ಜನ ಅವನ ಬೆನ್ನಟ್ಟುತ್ತಾರೆ. ಇವರೂ ಯಂತ್ರಗಳೇ ಅಂದುಕೊಂಡು ಹೋರಾಡುತ್ತಾನೆ. ಎರಡನೇ ಕಂತಿನಲ್ಲಿ ಒಬ್ಬಳಿಗೆ ಅವನ ಏಟು ಬೀಳುತ್ತದೆ. ಎಣ್ಣೆ ಬರಲಿಲ್ಲ. ರಕ್ತ ಬಂತು. ಜ್ಯಾಕ್‌ನ ಕಣ್ಣು ಹಾಗೇ ನಿಂತುಬಿಡುತ್ತದೆ. ನಾನು ಅಲ್ಲೇ ಕಂತು ನಿಲ್ಲಿಸಿ ಎದ್ದು ಹೋಗಿ ನೀರು ಕುಡಿದೆ. ಹದಿನಾರು ವರ್ಷ ಹಿಂದೆ ಟೀವಿಯವರ ನಿಯಮಕ್ಕೆ ಅಂತ ಹಾಕಿದ್ದ ಎಣ್ಣೆ ಅದು. ಟಾರ್ಟಕೊವ್ಸ್ಕಿ ಅದನ್ನೇ ಜ್ಯಾಕ್‌ನ ಮನಸ್ಸಿನ ಮೇಲಿನ ಭಾರ ಮಾಡಿದರು. ಹಳೇ ಕಂತು ನೋಡದವರಿಗೆ ಇದು ಸುಮ್ನೆ ಇನ್ನೊಂದು ಫೈಟು. ನೋಡಿದವರಿಗೆ ಕರುಳು ಕಿತ್ತ ಹಾಗಾಗುತ್ತದೆ. ಇದು ಮಕ್ಕಳಿಗಲ್ಲ, ನಿಮಗೆ. ಮಕ್ಕಳಿಗೆ ಹಳೇ 52 ಸಾಕು.

ವಿಶೇಷ ಶಕ್ತಿಯಿರುವ ಹೀರೋಗಳ ಗುಂಪಿನ ಕಥೆ 'ಎಕ್ಸ್-ಮೆನ್ 97' ಬಗ್ಗೆಯೂ ಜಾಸ್ತಿ ಜನ ಕೇಳುತ್ತಾರೆ. 1997ರಲ್ಲಿ ಮುಗಿದ ಕಥೆಯನ್ನು 2024ರಲ್ಲಿ ಅಲ್ಲಿಂದಲೇ ಮುಂದುವರಿಸಿದರು, ಆ ಗುಂಪಿನ ವುಲ್ವರಿನ್‌ಗೆ ಹಳೇದರಲ್ಲಿದ್ದ ಅದೇ ಕ್ಯಾಲ್ ಡಾಡ್ ಅವರ ದನಿ. ಐದನೇ ಕಂತು ಮಕ್ಕಳ ಜೊತೆ ನೋಡುವ ಮೊದಲು ನೀವೊಬ್ಬರೇ ನೋಡಿಕೊಳ್ಳಿ. ಯಾಕೆ ಅಂತ ಹೇಳಿದರೆ ಮಜಾ ಹೋಗುತ್ತದೆ.

ದನಿ ಅಂದೆನಲ್ಲ, ಅದು ನಮಗೆ ತುಂಬಾ ದೊಡ್ಡದು. ಈ ಕಾರ್ಟೂನ್‌ಗಳು ನಮಗೆ ಬಂದಿದ್ದು ಇಂಗ್ಲಿಷಿನಲ್ಲಿ, ಆಮೇಲೆ ಹಿಂದಿಯಲ್ಲಿ. ಕನ್ನಡದಲ್ಲಿ ಮಕ್ಕಳ ಚಾನೆಲ್ ಅಂತ ಚಿಂಟು ಟೀವಿ ಬಂದಿದ್ದೇ 2009ರಲ್ಲಿ. ಅಷ್ಟೊತ್ತಿಗೆ ನಮ್ಮ ಬಾಲ್ಯ ಮುಗಿದಿತ್ತು. ಮಾತು ಅರ್ಥವಾಗುತ್ತಿರಲಿಲ್ಲ, ದನಿ ಅರ್ಥವಾಗುತ್ತಿತ್ತು. ಹೀ-ಮ್ಯಾನ್‌ನ ಶತ್ರು ಸ್ಕೆಲಿಟರ್ ಏನಂದ ಗೊತ್ತಿಲ್ಲ, ಆದರೆ ಆ ಕೀರಲು ನಗು ಕೇಳಿದರೆ ಏನೋ ಕೆಟ್ಟದ್ದು ಆಗುತ್ತದೆ ಅಂತ ಗೊತ್ತು. ಆ ನಗು ಅಲನ್ ಒಪೆನ್‌ಹೈಮರ್ ಅವರದ್ದು. 2021ರ ನೆಟ್‌ಫ್ಲಿಕ್ಸ್ ಹೀ-ಮ್ಯಾನ್ ಕಥೆ 'ರೆವೆಲೇಷನ್'ನಲ್ಲಿ ಸ್ಕೆಲಿಟರ್‌ಗೆ ಮಾರ್ಕ್ ಹ್ಯಾಮಿಲ್ ದನಿ ಕೊಟ್ಟರು. ಒಪೆನ್‌ಹೈಮರ್ ಅದರಲ್ಲಿ ಹೀ-ಮ್ಯಾನ್ ಕಡೆಯ ಮಾಸ್ ಮ್ಯಾನ್‌ಗೆ ದನಿಯಾದರು. ಮೊದಲ ಕಂತಿನಲ್ಲೇ ಹೊಸ ಸ್ಕೆಲಿಟರ್ ಅವನನ್ನು ಸುಟ್ಟು ಹಾಕುತ್ತಾನೆ. ಕಣ್ಣು ಮುಚ್ಚಿ ಕೇಳಿದರೆ ಹಳೇ ದನಿಯನ್ನು ಹೊಸ ದನಿ ಕೊಂದ ಹಾಗೆ. ನನಗೆ ಹೊಟ್ಟೆ ಉರಿಯಿತು, ಆದರೆ ಎಷ್ಟು ಪ್ರೀತಿಯಿಂದ ಮಾಡಿದ ಏರ್ಪಾಡು ಅದು!

ಇದೇ ಕಥೆಗೆ ಹಳೇ ಅಭಿಮಾನಿಗಳು ತುಂಬಾ ಬೈದರು. ಹೀ-ಮ್ಯಾನ್‌ನನ್ನು ಬದಿಗಿಟ್ಟು ಟೀಲಾಳನ್ನು ಮುಂದೆ ತಂದರು ಅಂತ ಕೋಪ. ನಾನು ಟೀಲಾಳ ಕಡೆ. ಹಳೇ ಕಾರ್ಟೂನ್ ಶುರುವಿನಲ್ಲೇ ಹೇಳುತ್ತಿತ್ತು, ರಾಜಕುಮಾರ ಆಡಮನೇ ಹೀ-ಮ್ಯಾನ್ ಅನ್ನೋ ಗುಟ್ಟು ಮೂವರಿಗೆ ಮಾತ್ರ ಗೊತ್ತು ಅಂತ. ಅವನ ಜೊತೆಯಲ್ಲೇ ಬೆಳೆದ ಟೀಲಾ ಆ ಮೂವರಲ್ಲಿ ಇಲ್ಲ. ನಮಗದು ಆಗ ತಮಾಷೆ. ಅವಳಿಗೆ ಹೇಗಾಗಿರಬೇಡ? ಹೊಸದು ಕೇಳಿದ್ದು ಆ ಪ್ರಶ್ನೆಯನ್ನು. ಗುಟ್ಟು ಗೊತ್ತಾದ ದಿನ ಅವಳು ಎಲ್ಲ ಬಿಟ್ಟು ಎದ್ದು ಹೋಗುತ್ತಾಳೆ. ಕೊನೆಯ ಕಂತುಗಳಲ್ಲಿ ಕಥೆ ಗಜಿಬಿಜಿಯಾಗುತ್ತದೆ, ಒಪ್ಪುತ್ತೇನೆ. ಆದರೂ ಅವಳ ಸಿಟ್ಟು ನ್ಯಾಯವಾದದ್ದು, ಅಲ್ವಾ?

ನಾನು ಕಾಯುತ್ತಿರುವುದು 'ಸ್ವಾಟ್ ಕ್ಯಾಟ್ಸ್'ಗೆ, ಜೆಟ್ ಹಾರಿಸುವ ಎರಡು ಬೆಕ್ಕುಗಳ ಕಾರ್ಟೂನ್. 1993ರಿಂದ 1995ರವರೆಗೆ ಎರಡೇ ಸೀಸನ್. ಕೆಲವು ಕಂತುಗಳ ಕೆಲಸ ಅರ್ಧ ಆಗಿರುವಾಗಲೇ ನಿಲ್ಲಿಸಿದರು. ಆದರೆ ಕಾರ್ಟೂನ್ ನೆಟ್‌ವರ್ಕ್ ನೋಡಿ ಬೆಳೆದ ನಮ್ಮ ದೇಶದ ಮಕ್ಕಳು ಅದನ್ನು ಇವತ್ತಿಗೂ ಮರೆತಿಲ್ಲ. 2022ರಲ್ಲಿ ಅದನ್ನು ಮತ್ತೆ ಮಾಡುತ್ತೇವೆ ಅಂತ ಮೂಲ ಸೃಷ್ಟಿಕರ್ತರಾದ ಟ್ರೆಂಬ್ಲೆ ಸಹೋದರರ ಜೊತೆ ಸೇರಿ ಹೇಳಿದ್ದು ತಿರುವನಂತಪುರದ ಟೂನ್ಜ್ ಸಂಸ್ಥೆ. ಅವತ್ತು ಆಫೀಸಿನಲ್ಲಿ ನಮಗೆ ಕೆಲಸವೇ ಸಾಗಲಿಲ್ಲ.

ಆ ಕಥೆ ನೆನಪಿದೆಯಾ? ಚಾನ್ಸ್ ಮತ್ತು ಜೇಕ್ ಪೈಲಟ್‌ಗಳಾಗಿದ್ದವರು. ಮೇಲಧಿಕಾರಿಯ ತಪ್ಪಿಗೆ ಇವರ ಜೆಟ್ ಅವರದೇ ಕಚೇರಿ ಕಟ್ಟಡಕ್ಕೆ ಬಡಿದು ಇವರ ಕೆಲಸ ಹೋಯಿತು. ಕಟ್ಟಡ ಹಾಳಾದ ನಷ್ಟವನ್ನು ಗುಜರಿಯಲ್ಲಿ ದುಡಿದು ತೀರಿಸಿ ಅಂದರು. ಆ ಗುಜರಿಯಲ್ಲಿ ಸಿಕ್ಕ ಸಾಮಾನು ಸೇರಿಸಿಯೇ ಅವರು ಟರ್ಬೋಕ್ಯಾಟ್ ಜೆಟ್ ಕಟ್ಟಿದ್ದು. ಹಗಲು ಮೆಕ್ಯಾನಿಕ್, ಆಪತ್ತು ಬಂದರೆ ಊರು ಕಾಯುವವರು. ಮುಖವಾಡ ತೆಗೆದ ಮೇಲೆ ಮತ್ತೆ ಗ್ರೀಸ್ ಬಟ್ಟೆ.

ಹೊಸದು ಬಂದ ದಿನ ಅಕ್ಕನ ಮಗ ಜೆಟ್ ನೋಡುತ್ತಾನೆ. ನಾನು ನೋಡುವುದು ಗುಜರಿ ಇನ್ನೂ ಅಲ್ಲೇ ಇದೆಯಾ, ಆ ಸಾಲದಲ್ಲಿ ಇನ್ನೆಷ್ಟು ಬಾಕಿ ಇದೆ ಅಂತ.