ಬಿದ್ದೀಯೆ, ಜೋಕೆ

13 ಜೂನ್ 2024, ಗುರುವಾರ
ಶೆಲಾ, ಗ್ವಾಟೆಮಾಲಾ

ಅಮ್ಮ ಬಿದ್ದಿದ್ದಾರೆ. ಬಿದ್ದು 11 ದಿನ ಆಯಿತಂತೆ. ನನಗೆ ಗೊತ್ತಾಗಿದ್ದು ಇವತ್ತು.

ಅದೂ ಅಮ್ಮ ಹೇಳಿದ್ದಲ್ಲ. ತಮ್ಮನ ಬಾಯಿ ತಪ್ಪಿ ಹೊರಗೆ ಬಂತು. ಇಲ್ಲಿ ರಾತ್ರಿ ಏಳೂವರೆ, ಅಲ್ಲಿ ಶುಕ್ರವಾರ ಬೆಳಿಗ್ಗೆ ಏಳು. ಅವನು ತೋಟಕ್ಕೆ ಹೊರಟಿದ್ದ. ಮೃಗಶಿರ ಮಳೆ ಹಿಡಿದುಕೊಂಡಿದೆ, ಮೂರು ದಿನದಿಂದ ಕರೆಂಟಿಲ್ಲ, ಫೋನ್ ಚಾರ್ಜ್ ಇಲ್ಲ ಅಂತೆಲ್ಲ ಹೇಳುತ್ತಿದ್ದ. ಅಮ್ಮನಿಗೆ ಕೊಡು ಅಂದೆ. "ಅಮ್ಮ ಒಂದೇ ಕೈಲಿ ಕಾಫಿ ಸೋಸೋಕೆ ಒದ್ದಾಡ್ತಿದ್ದಾರೆ ಕಣೇ, ಆಮೇಲೆ ಮಾಡು" ಅಂದ. ಒಂದೇ ಕೈಲಿ ಯಾಕೋ? ಆ ಕಡೆ ಮಾತೇ ಇಲ್ಲ. ಮಳೆ ಸದ್ದು ಮಾತ್ರ ಕೇಳುತ್ತಿತ್ತು.

ಹಿತ್ತಿಲ ಬಾಗಿಲಿನ ಹತ್ತಿರ, ಬಟ್ಟೆ ಒಗೆಯೋ ಕಲ್ಲಿನ ಪಕ್ಕ. ನಮ್ಮ ಮನೆಗೆ ಬಂದವರಿಗೆಲ್ಲ ಆ ಜಾಗ ಗೊತ್ತು. ಮಳೆ ಬಿದ್ದ ವಾರಕ್ಕೇ ಪಾಚಿ ಕಟ್ಟುತ್ತೆ. ಎಡಗೈ ಮಣಿಕಟ್ಟಿನಲ್ಲಿ ಸಣ್ಣ ಬಿರುಕು, ಆರು ವಾರ ಪ್ಲಾಸ್ಟರ್. ಭಾನುವಾರ ವಿಡಿಯೊ ಕಾಲ್ ಮಾಡಿದಾಗ ಅಮ್ಮ ಮುಖ ಮಾತ್ರ ಕಾಣೋ ಹಾಗೆ ಫೋನ್ ಹಿಡಿದಿದ್ದರು. ನಾನು ಅವರಿಗೆ ಅರ್ಧ ಗಂಟೆ ಕೆರೆ ಫೋಟೊ, ಮಾರ್ಕೆಟ್ ಫೋಟೊ ತೋರಿಸಿದೆ. ಚೆನ್ನಾಗಿದೆ, ಚೆನ್ನಾಗಿದೆ ಅಂದರು.

ಇವತ್ತು ವಿಷಯ ಹೊರಬಿದ್ದ ಮೇಲೆ ಅಮ್ಮ ಫೋನ್ ಕೈಗೆ ತಗೊಂಡು ಒಂದೇ ಮಾತು ಹೇಳಿದರು. "ಏನೂ ಆಗಿಲ್ಲ. ನೀವು ಬಂದಾಗ ಹೇಳೋಣ ಅಂತಿದ್ದೆ."

ಬಂದಾಗ.

ಇವತ್ತು ಬೆಳಿಗ್ಗೆ ಕ್ಲಾಸಲ್ಲಿ ಕಾಲು ಭಾಗ ಹೋಗಿದ್ದೇ ಈ ಮಾತಿನ ಮೇಲೆ. ಶೆಲಾಕ್ಕೆ ಬಂದು ಇದು ನಾಲ್ಕನೇ ವಾರ. ಇಲ್ಲಿ ಸ್ಪ್ಯಾನಿಷ್ ಪಾಠ ಅಂದರೆ ಒಬ್ಬ ಟೀಚರ್, ಒಬ್ಬ ವಿದ್ಯಾರ್ಥಿ, ನಡುವೆ ಒಂದು ಸಣ್ಣ ಮೇಜು. ದಿನಕ್ಕೆ ಐದು ಗಂಟೆ. ತಪ್ಪಿಸಿಕೊಳ್ಳೋಕೆ ಜಾಗ ಇರೋದಿಲ್ಲ. ನಾನು ಮಾಯೆಸ್ತ್ರಾಗೆ, ಅಂದರೆ ಟೀಚರ್‌ಗೆ, ಹೇಳೋಕೆ ಹೊರಟಿದ್ದು ಇಷ್ಟೇ: ನಾನು ಊರಿಗೆ ಹೋದಾಗ ಅಮ್ಮ ಅಕ್ಕಿ ರೊಟ್ಟಿ ಮಾಡ್ತಾರೆ. "ಕ್ವಾಂದೊ ರೆಗ್ರೆಸೊ" ಅಂತ ಶುರು ಮಾಡಿದೆ. ಅವರು ಕೈ ಎತ್ತಿ ನಿಲ್ಲಿಸಿದರು. ರೆಗ್ರೆಸೊ ಅಂದರೆ ದಿನಾ ಹೋಗಿ ಬರೋರು ಹೇಳೋ ಮಾತು. ನೀನು ಇನ್ನೂ ಹೋಗಿಲ್ಲ. ಆದ್ದರಿಂದ "ಕ್ವಾಂದೊ ರೆಗ್ರೆಸೆ". ಕೊನೆಯ ಒಂದು ಸ್ವರ ಬದಲಾಯಿತು, ಅಷ್ಟೇ. ಇನ್ನೂ ಆಗದೆ ಇರೋದನ್ನು ಆಗಿದೆ ಅನ್ನೋ ಹಾಗೆ ಹೇಳಬಾರದು, ಆಗುತ್ತೋ ಇಲ್ಲವೋ ಯಾರಿಗೆ ಗೊತ್ತು ಅಂದರು. ಇದಕ್ಕೇ ಸುಬ್‌ಹುಂತಿವೊ ಅನ್ನೋದು.

ಪಕ್ಕದ ಮೇಜಿನ ಅಮೆರಿಕದ ಹುಡುಗ ಎರಡು ವಾರದಿಂದ ಇದರ ಜೊತೆ ಗುದ್ದಾಡುತ್ತಿದ್ದಾನೆ. ನನಗೆ ಮಾತ್ರ ಒಂದು ಗಳಿಗೆಯಲ್ಲಿ ಅಜ್ಜಿ ಕಣ್ಣೆದುರು ಬಂದು ಕೂತರು.

ಅಜ್ಜಿ ದಿನವಿಡೀ ಮಾತಾಡ್ತಿದ್ದಿದ್ದು ಇದೇ ಭಾಷೆ ಅಲ್ವಾ! "ಹಾಲು ಉಕ್ಕೀತು, ನೋಡೇ." "ಮಳೆ ಬಂದೀತು, ಕಾಫಿ ಒಳಗೆ ಹಾಕಿ." "ಯಾರಾದ್ರೂ ನೋಡಿಯಾರು, ಸರಿಯಾಗಿ ಕೂತ್ಕೊ." ನಾವು ಹಿತ್ತಿಲಿಗೆ ಓಡಿದರೆ ಒಳಗಿಂದಲೇ "ಬಿದ್ದೀಯೆ, ಜೋಕೆ!" ಬೀಳ್ತೀಯ ಅಂತ ಅಜ್ಜಿ ಒಂದು ದಿನವೂ ಹೇಳಲಿಲ್ಲ. ಬೀಳ್ತೀಯ ಅಂದರೆ ಬಿದ್ದೇ ಬೀಳ್ತೀಯ ಅಂದ ಹಾಗೆ. ಬಿದ್ದೀಯೆ ಅಂದರೆ ಬೀಳದೆಯೂ ಇರಬಹುದು, ಆದರೆ ನನ್ನ ಜೀವ ಹಿಡಿದುಕೊಂಡಿದೆ ಅಂತ. ಹೈಸ್ಕೂಲಲ್ಲಿ ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಅಂತ ಬಾಯಿಪಾಠ ಮಾಡಿದ್ದೆವು. ಬಂದಾನು, ಬಂದಾಳು, ಬಂದೀತು. ಪರೀಕ್ಷೆಗೆ ಎರಡು ಮಾರ್ಕ್ಸ್. ಅದು ಅಜ್ಜಿಯ ಕಾಳಜಿಯ ಹೆಸರು ಅಂತ ಯಾರೂ ಹೇಳಿರಲಿಲ್ಲ. ಈಗ ನಾವು ಯಾರೂ ಹಾಗೆ ಮಾತಾಡೋದೂ ಇಲ್ಲ. ಬೀಳಬಹುದು, ಉಕ್ಕಬಹುದು, ಬರಬಹುದು. ಎಲ್ಲಾ ಬಹುದು.

ಮಾಯೆಸ್ತ್ರಾಗೆ ಇದನ್ನು ಹೇಳೋಷ್ಟು ಸ್ಪ್ಯಾನಿಷ್ ನನ್ನ ಹತ್ತಿರ ಇಲ್ಲ. "ಮಿ ಅಬ್ವೆಲಾ" ಅಂದೆ, ನಮ್ಮಜ್ಜಿ. ಕಣ್ಣಲ್ಲಿ ನೀರು ಬಂತು. ಅವರು ಪುಸ್ತಕ ಮುಚ್ಚಿ ಕಾಫಿ ತಂದುಕೊಟ್ಟರು.

ಒಂದು ವಿಷಯ ಮಾತ್ರ ಆಗ ಹೊಳೆದಿರಲಿಲ್ಲ. ರಾತ್ರಿ ಫೋನ್ ಇಟ್ಟ ಮೇಲೆ ಹೊಳೆಯಿತು. ನಿನ್ನೆ ಬಂದಾಗ ಅಂತೀವಿ. ನಾಳೆ ಬಂದಾಗ ಅಂತಲೂ ಅಂತೀವಿ. ಎರಡಕ್ಕೂ ಒಂದೇ ಮಾತು. ಆಗದೆ ಇರೋದನ್ನೂ ಆಗಿಹೋದ ಹಾಗೇ ಹೇಳ್ತೀವಿ. ಅಮ್ಮನ ಬಾಯಲ್ಲಿ ನಾವು ಆಗಲೇ ಬಂದಾಗಿದೆ. ಬಂದು, ಜಗಲಿಯಲ್ಲಿ ಬ್ಯಾಗ್ ಇಳಿಸಿ, ಕಾಫಿ ಕುಡಿದು, ಆಮೇಲೆ ಅವರು ನಿಧಾನಕ್ಕೆ "ಜೂನಲ್ಲಿ ಒಂದ್ಸಲ ಬಿದ್ದಿದ್ದೆ" ಅನ್ನೋದು.

ಇವತ್ತು ಗುರುವಾರ, ಹಾಗಾಗಿ ಊಟಕ್ಕೆ ಪಾಚೆಸ್. ಗುರುವಾರ ಪಾಚೆಸ್ ತಿನ್ನೋದು ಇಲ್ಲಿನ ರೂಢಿ, ಶೆಲಾದ ಕಡೆಯದೇ ತಿಂಡಿ. ಆಲೂಗಡ್ಡೆ ಬೇಯಿಸಿ ಕಿವುಚಿ, ಟೊಮೆಟೊ ಮತ್ತು ಒಣಮೆಣಸಿನಕಾಯಿ ರುಬ್ಬಿ ಸೇರಿಸಿ, ಮಧ್ಯ ಒಂದು ತುಂಡು ಕೋಳಿ ಇಟ್ಟು, ಅಗಲ ಎಲೆಯಲ್ಲಿ ಮಡಿಸಿ, ನಾರಿನಿಂದ ಕಟ್ಟಿ ಹಬೆಯಲ್ಲಿ ಬೇಯಿಸುತ್ತಾರೆ. ಎಲೆ ಬಿಚ್ಚಿದಾಗ ಒಳಗಿನ ಮಡಿಕೆಗಳಲ್ಲೆಲ್ಲ ಕೆಂಪು ಎಣ್ಣೆ ನಿಂತಿರುತ್ತೆ. ಬೆಂದ ಎಲೆಯ ವಾಸನೆ ಥೇಟ್ ನಮ್ಮ ಎಲೆ ಕಡುಬಿನದು. ನಾನು ಬಿಚ್ಚಿದೆ, ತಿನ್ನೋಕೆ ಆಗಲಿಲ್ಲ.

ಮನೆಯಾಕೆ ಕೇಳಿದರು. ಹೇಳಿದೆ. ಇಲ್ಲಿ ತಲೆ ನೋಯುತ್ತೆ ಅನ್ನೋಕೆ "ಮೆ ದುವೆಲೆ" ಅನ್ನಬೇಕು, ನನಗೆ ನೋಯುತ್ತೆ. ನಮ್ಮದೇ ಕಟ್ಟು. ಹಾಗಾಗಿ ನೋವಿನ ವಿಷಯ ಹೇಳೋಕೆ ನನಗೆ ಈ ಭಾಷೆ ಯಾವತ್ತೂ ಕೈ ಕೊಟ್ಟಿಲ್ಲ. ಅಮ್ಮನಿಗೆ ಕೈ ನೋಯುತ್ತಿದೆ ಅಂದೆ. ಅವರು ತಟ್ಟೆ ಪಕ್ಕಕ್ಕಿಟ್ಟು "ಕೆ ಸೆ ಮೆಹೊರೆ ಸು ಮಾಮಾ" ಅಂದರು. ನಿಮ್ಮಮ್ಮನಿಗೆ ವಾಸಿಯಾಗಲಿ. ಆಗಲಿ. ಬೆಳಿಗ್ಗೆ ಕಲಿತ ಸುಬ್‌ಹುಂತಿವೊ, ರಾತ್ರಿ ನನ್ನ ಅಮ್ಮನ ಕೈಗೆ ಬಂದು ಕೂತಿತು.

ಅವರ ತಾಯಿ ಒಲೆಯ ಹತ್ತಿರ ಕೂತಿದ್ದರು. ಇಲ್ಲೇ ಪಕ್ಕದ ಆಲ್ಮೊಲೊಂಗಾದವರು, ತರಕಾರಿ ಬೆಳೆಯೋ ಊರು. ಅವರ ಮಾತು ಕಿಚೆ. ಈ ದೇಶದಲ್ಲಿ ಮಾಯಾ ಭಾಷೆಗಳೇ 22 ಇವೆ, ಅದರಲ್ಲಿ ಒಂದು. ಸ್ಪ್ಯಾನಿಷ್ ಅವರಿಗೂ ಆಮೇಲೆ ಕಲಿತ ಭಾಷೆ, ನನ್ನ ಹಾಗೆ. ಮಗಳು ಕಿಚೆಯಲ್ಲಿ ವಿಷಯ ಹೇಳಿದರು. ಅಜ್ಜಿ ಎದ್ದು ಬಂದು ನನ್ನ ಎಡಗೈ ಹಿಡಿದುಕೊಂಡರು. ಬಿದ್ದವಳು ನಾನೇ ಅನ್ನೋ ಹಾಗೆ ಮಣಿಕಟ್ಟನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತುತ್ತಾ ಏನೋ ಹೇಳುತ್ತಾ ಹೋದರು. ಒಂದು ಪದವೂ ಅರ್ಥ ಆಗಲಿಲ್ಲ. ಬೆರಳುಗಳು ಒರಟು, ಬಿಸಿ. ಸುಣ್ಣದ ನೀರಲ್ಲಿ ಬೆಂದ ಮೆಕ್ಕೆಜೋಳದ ವಾಸನೆ. ನನಗೆ ಗೊತ್ತಿರೋ ಒಂದೇ ಕಿಚೆ ಪದ ಹೇಳಿದೆ. ಮಾಲ್ತ್ಯೋಷ್. ಧನ್ಯವಾದ.

ಆಮೇಲೆ ಅವರಿಗೆ ಏಲಕ್ಕಿ ಟೀ ಮಾಡಿಕೊಟ್ಟೆ. ಅಮ್ಮ ಜನವರಿಯಲ್ಲಿ ಕಟ್ಟಿಕೊಟ್ಟಿದ್ದ ಪೊಟ್ಟಣದಲ್ಲಿ ಒಂಬತ್ತು ಕಾಯಿ ಉಳಿದಿತ್ತು. ನಾಲ್ಕು ಹಾಕಿದೆ.

ಗ್ವಾಟೆಮಾಲಾ ಅನ್ನೋ ಹೆಸರು ನಾನು ಮೊದಲು ಕೇಳಿದ್ದೇ ಅಪ್ಪನ ಬಾಯಲ್ಲಿ. ಸಕಲೇಶಪುರದ ಕಡೆ ಏಲಕ್ಕಿ ಬೆಳೆದವರಿಗೆಲ್ಲ ಈ ಹೆಸರು ಗೊತ್ತು. ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ ಒಬ್ಬ ಜರ್ಮನ್ ಕಾಫಿ ಬೆಳೆಗಾರ ಏಲಕ್ಕಿ ಗಿಡವನ್ನು ಇಲ್ಲಿ ಕೊಬಾನ್ ಕಡೆಗೆ ತಂದ. ಈಗ ಪ್ರಪಂಚದಲ್ಲಿ ಎಲ್ಲರಿಗಿಂತ ಜಾಸ್ತಿ ಏಲಕ್ಕಿ ಹೊರಗೆ ಕಳಿಸೋದು ಈ ದೇಶ. ಹೆಚ್ಚಿನದು ಅರಬ್ ದೇಶಗಳ ಕಾಫಿಗೆ ಹೋಗುತ್ತೆ, ಇಲ್ಲಿನ ಅಡುಗೆಮನೆಗಳಿಗೆ ಬರೋದೇ ಅಪರೂಪ. ರೇಟು ಬಿದ್ದಾಗಲೆಲ್ಲ ಅಪ್ಪ "ಗ್ವಾಟೆಮಾಲಾದವರು ನಮ್ಮನ್ನ ಮುಗಿಸಿದ್ರು" ಅಂತಿದ್ದರು. ಆ ಸಿಟ್ಟು ನಿಜವಾದದ್ದು. ಆ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಹೊಸ ಬಟ್ಟೆ ಇರಲಿಲ್ಲ. ಆದರೆ ಇಲ್ಲಿ ಬೆಟ್ಟದ ಮೇಲೆ ಏಲಕ್ಕಿ ಬಿಡಿಸೋ ಜನರ ಮನೆಯಲ್ಲೂ ಅದೇ ಕತೆ. ಅಪ್ಪ ಇದ್ದಿದ್ದರೆ ಇದನ್ನು ಕೂತು ಹೇಳಬೇಕಿತ್ತು. ಅಜ್ಜಿ ಟೀ ಲೋಟ ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಕೂತಿದ್ದರು. ಕುಡಿದರೋ ಇಲ್ಲವೋ ನೋಡಲಿಲ್ಲ.

ಮಳೆ ಇನ್ನೂ ನಿಂತಿಲ್ಲ. ಸಾಂತಾ ಮರಿಯಾ ಬೆಟ್ಟ ಮಧ್ಯಾಹ್ನವೇ ಮೋಡದಲ್ಲಿ ಮುಳುಗಿತ್ತು. ಈ ಊರು 2,300 ಮೀಟರ್‌ಗಿಂತ ಎತ್ತರದಲ್ಲಿದೆ, ರಾತ್ರಿ ಮೂರು ಕಂಬಳಿ ಬೇಕು.

ಕೋಣೆಗೆ ಬಂದು ಇವನು, ನನ್ನ ಗಂಡ, ಲೆಕ್ಕದ ಪುಸ್ತಕ ತೆಗೆದ. ನಾನು ಕೇಳಿರಲಿಲ್ಲ. ಹೊರಟಾಗ 18 ಲಕ್ಷ ಇತ್ತು, ಇವತ್ತಿಗೆ 10 ಲಕ್ಷದ 40 ಸಾವಿರ. ಇಲ್ಲಿ ಪಾಠ, ಕೋಣೆ, ಭಾನುವಾರ ಬಿಟ್ಟು ಮೂರು ಹೊತ್ತು ಊಟ ಸೇರಿ ಒಬ್ಬರಿಗೆ ವಾರಕ್ಕೆ 1,600 ಕೆತ್ಸಾಲ್. ಒಂದು ಕೆತ್ಸಾಲ್‌ಗೆ ಹತ್ತಿರ ಹತ್ತಿರ 11 ರೂಪಾಯಿ. ನಾನೊಬ್ಬಳೇ ಹೋಗಿ ಬರೋ ಟಿಕೆಟ್ಟಿಗೆ 1 ಲಕ್ಷದ 80 ಸಾವಿರ ತೋರಿಸುತ್ತಿದೆ.

"ನಮ್ಮಿಬ್ಬರ 36 ದಿನ" ಅಂದೆ.

"ಅದನ್ನ ಹಾಗೆ ಲೆಕ್ಕ ಹಾಕಬೇಡ."

"ಮತ್ತೆ ಹೇಗೆ ಹಾಕಲಿ? ಪೆರು ಬಿಡೋದಾ? ನೀನು ಬೇಕು ಅಂದಿದ್ದೇ ಅದೊಂದು."

"ಪೆರು ಎಲ್ಲಿಗೂ ಹೋಗಲ್ಲ."

"ಅಮ್ಮ ಬರಬೇಡ ಅಂತಾರೆ. ಬಂದರೆ ನನ್ನಿಂದ ನಿಮ್ಮ ತಿರುಗಾಟ ನಿಂತಿತು ಅಂತ ಕೊರಗ್ತಾರೆ."

ಅವನು ಸ್ವಲ್ಪ ಹೊತ್ತು ಸುಮ್ನೆ ಇದ್ದ. ಆಮೇಲೆ, "ನಿನಗೆ ಏನನಿಸುತ್ತೆ ಅಂತ ನಾನು ಕೇಳಿದ್ದು. ಅಮ್ಮ ಏನಂತಾರೆ ಅಂತ ಅಲ್ಲ" ಅಂದ.

ಅದಕ್ಕೆ ಉತ್ತರ ಕೊಡಲಿಲ್ಲ. ಇವನಿಗೆ ಅಮ್ಮ ಇಲ್ಲ. ನಮ್ಮಮ್ಮನನ್ನು ಅಮ್ಮ ಅಂತಲೇ ಕರೆಯೋದು. ಹೊರಡೋ ದಿನ ಬಸ್ ಸ್ಟ್ಯಾಂಡಲ್ಲಿ ಅಮ್ಮ ಹಣೆ ಸವರಿದ್ದು ನನಗಿಂತ ಮೊದಲು ಇವನದ್ದನ್ನು. ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಇವನು ಆಗಲೇ ಎರಡು ತಾರೀಕು ಬರೆದು ಸುತ್ತು ಹಾಕಿದ್ದಾನೆ. ಜುಲೈ 1 ಮತ್ತು ಜುಲೈ 26. ಆಗಸ್ಟ್ ಮಧ್ಯಕ್ಕೆ ಇಲ್ಲಿನ 90 ದಿನ ಮುಗಿಯುತ್ತೆ, ಅದೇ 90 ದಿನ ಪಕ್ಕದ ಎಲ್ ಸಾಲ್ವದೊರ್, ಹೊಂಡುರಾಸ್, ನಿಕರಾಗುವಾಕ್ಕೂ ಸೇರಿ. ಅದೆಲ್ಲ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿದೆ. ಯಾವಾಗ ಬರೆದನೋ. ನಾನು ಅಜ್ಜಿ ಜೊತೆ ಅಡುಗೆಮನೆಯಲ್ಲಿ ಇದ್ದಾಗ ಇರಬೇಕು.

ಈಗ ಮಲಗಿದ್ದಾನೆ. ತಗಡಿನ ಮೇಲೆ ಮಳೆ ಜೋರಾಗಿದೆ. ಕಣ್ಣು ಮುಚ್ಚಿದರೆ ನಮ್ಮ ಕೊಟ್ಟಿಗೆ ಮನೆ ಸದ್ದೇ.

ನಾಳೆಗೆ ಹೋಮ್‌ವರ್ಕ್ ಇದೆ, ಕ್ವಾಂದೊ ಹಾಕಿ ಹತ್ತು ವಾಕ್ಯ. ಎಂಟು ಆಗಿದೆ. ಮಳೆ ನಿಂತಾಗ, ಬಸ್ ಬಂದಾಗ, ಹಣ ಮುಗಿದಾಗ. ಒಂಬತ್ತನೆಯದು "ಕ್ವಾಂದೊ ರೆಗ್ರೆಸೆ" ಅಂತ ಬರೆದು ನಿಲ್ಲಿಸಿದ್ದೇನೆ. ಮನೆಯಾಕೆ ಮುಂದಿನ ಯಾವ ಮಾತಿಗೂ "ಪ್ರಿಮೆರೊ ದಿಯೋಸ್" ಸೇರಿಸದೆ ಬಿಡೋದಿಲ್ಲ, ದೇವರು ಮೊದಲು. ಅದನ್ನೇ ಸೇರಿಸಲಾ ಅಂತ ಯೋಚಿಸ್ತಿದ್ದೇನೆ.

ಬೆಳಿಗ್ಗೆ ಏಳಕ್ಕೆ ಫೋನ್ ಮಾಡಬೇಕು. ಅಲ್ಲಿ ಸಂಜೆ ಆರೂವರೆ, ಅಮ್ಮ ದೀಪ ಹಚ್ಚಿ ಕೂತಿರ್ತಾರೆ. ಈ ಸಲ ಫೋಟೊ ಏನೂ ತೋರಿಸಲ್ಲ. ಫೋನ್ ದೂರ ಹಿಡಿಯಮ್ಮ, ಕೈ ತೋರಿಸು ಅಂತೀನಿ. ತಮ್ಮ ಆ ಕಲ್ಲಿನ ಹತ್ತಿರ ಪಾಚಿ ಉಜ್ಜಿದನೋ ಇಲ್ಲವೋ, ಅದನ್ನೂ ಕೇಳಬೇಕು, ಇಲ್ಲಾಂದರೆ ಮತ್ತೆ